ಹಳದಿ ಪುಸ್ತಕದ ದಾರಿ

ಎರಡು ಮೂರು ಕಡೆ ವಿಮಾನ ಬದಲಿಸಿ ದೂರದೇಶ ಸೇರುವ ಪ್ರಯಾಣದ ಬವಣೆಯನ್ನು ನಿದ್ದೆಗೇಡು, ಕಾಯುವಿಕೆ, ತಪ್ಪಿದ ವಿಮಾನ, ಬಾರದ ಪೆಟ್ಟಿಗೆ ಎಂದು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸುವುದು ವಾಡಿಕೆ. ಇವೆಲ್ಲ ನಿಜವಾದ ತೊಂದರೆಗಳೇ. ಆದರೂ ಇವುಗಳಿಗೆ ಕೊನೆಯೆಂಬುದಿದೆ. ಕೆಟ್ಟ ನಿದ್ದೆ ನಾಲ್ಕಾರು ದಿನಗಳಲ್ಲಿ ಸರಿಹೋಗುತ್ತದೆ, ಪೆಟ್ಟಿಗೆ ಬಹುಮಟ್ಟಿಗೆ ಮನೆಗೆ ಬಂದು ಸೇರುತ್ತದೆ. ಇಂಥ ಪ್ರಯಾಣದ ಒಳಗಿನ ಕಷ್ಟ ಬೇರೆಯದು. ದಾರಿಯ ಪ್ರತಿಯೊಂದು ನಿಲುಗಡೆಯಲ್ಲೂ ಪ್ರಯಾಣಿಕರು ತಾವು ಯಾರು, ಯಾವ ದೇಶದವರು, ಮುಂದಿನ ದೇಶ ಒಳಗೆ ಬಿಡದಿದ್ದರೆ ಯಾವ ದೇಶ ತಮ್ಮನ್ನು ಮರಳಿ ಕರೆದುಕೊಳ್ಳುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಹೊಸದಾಗಿ ಉತ್ತರ ಕೊಡಬೇಕು. ಪಾಸ್‌ಪೋರ್ಟ್ ಇರುವವರ ಪರವಾಗಿ ಈ ಉತ್ತರವನ್ನು ಪಾಸ್‌ಪೋರ್ಟೇ ಕೊಟ್ಟುಬಿಡುವುದರಿಂದ, ಅಂಥದೊಂದು ಪ್ರಶ್ನೆ ಕೇಳಲಾಯಿತೆಂಬುದೇ ಅವರ ಗಮನಕ್ಕೆ ಬರುವುದಿಲ್ಲ. ಪಾಸ್‌ಪೋರ್ಟ್ ಇಲ್ಲದೆ ಬೇರೊಂದು ಕಾಗದ ಹಿಡಿದು ಹೊರಡುವವರಿಗೆ ಮಾತ್ರ ಅದು ನಿಲುಗಡೆ ನಿಲುಗಡೆಗೂ ಎದುರಾಗುತ್ತದೆ. ಹಾಗೆ ಹೊರಡುವ ಜನ ಚಾಮರಾಜನಗರ ಜಿಲ್ಲೆಯ ಲೊಕ್ಕನಹಳ್ಳಿಯ ಮಗ್ಗುಲಲ್ಲೇ ಇದ್ದಾರೆ.

ಲೊಕ್ಕನಹಳ್ಳಿ ಈಗ ಹನೂರು ತಾಲ್ಲೂಕಿಗೆ ಸೇರಿದ ಹೋಬಳಿ ಕೇಂದ್ರ. ಹನೂರು ಪ್ರತ್ಯೇಕ ತಾಲ್ಲೂಕಾಗುವ ಮುಂಚೆ ಕೊಳ್ಳೇಗಾಲ ತಾಲ್ಲೂಕಿನಲ್ಲಿತ್ತು. ಇಲ್ಲಿಂದ ಗುಡ್ಡದ ಸೀಮೆಯ ಕಡೆಗೆ, ತಮಿಳುನಾಡಿನ ಗಡಿಯತ್ತ ಸಾಗುವ ರಸ್ತೆಯಲ್ಲಿ ಅನತಿ ದೂರದಲ್ಲೇ ಒಡೆಯರಪಾಳ್ಯವಿದೆ. ಅಲ್ಲಿರುವುದು ಧೊಂಡೆನ್‌ಲಿಂಗ್ ಎಂಬ ಹೆಸರಿನ ಟಿಬೆಟನ್ ನಿರಾಶ್ರಿತರ ನೆಲೆ. ಸುತ್ತಲ ಹಳ್ಳಿಗರ ಬಾಯಲ್ಲಿ ಅದು ಟಿಬೆಟ್ ಕ್ಯಾಂಪು. ಮುಸುಕಿನ ಜೋಳ ಮತ್ತು ರಾಗಿಯ ಹೊಲಗಳು, ಅವುಗಳ ನಡುವೆ ಚದುರಿದ ಸಣ್ಣ ಸಣ್ಣ ಊರುಗಳು, ಮನೆಗಳ ಮೇಲೆ ಗಾಳಿಗೆ ಬಡಿದಾಡುವ ಪ್ರಾರ್ಥನೆಯ ಬಾವುಟಗಳು, ಒಂದು ಬದಿಯಲ್ಲಿ 1992ರಲ್ಲಿ ದಲೈ ಲಾಮಾ ಅವರು ಉದ್ಘಾಟಿಸಿದ ಜೋಗ್‌ಚೆನ್ ವಿಹಾರ, ಅದರಾಚೆಗೆ ಆನೆ ತಿರುಗಾಡುವ ಕಾಡು. ಇಲ್ಲಿ ಹುಟ್ಟಿ ಬೆಳೆದವರ ಪೈಕಿ ಅನೇಕರ ಒಡಹುಟ್ಟಿದವರೋ ಮಕ್ಕಳೋ ಇಂದು ಟೊರಾಂಟೊದಲ್ಲಿ, ನ್ಯೂಯಾರ್ಕಿನಲ್ಲಿ, ಪ್ಯಾರಿಸ್ಸಿನಲ್ಲಿ, ಸ್ವಿಟ್ಜರ್ಲೆಂಡಿನ ಊರುಗಳಲ್ಲಿ ಇದ್ದಾರೆ. ಅವರನ್ನು ಕಾಣಲು ಹೊರಡುವವರು ಮೊದಲು ಕೊಳ್ಳೇಗಾಲಕ್ಕೆ, ಅಲ್ಲಿಂದ ಬೆಂಗಳೂರಿಗೆ, ಮತ್ತೆ ಊರು ದಾಟಿ ದೇವನಹಳ್ಳಿಯ ಹತ್ತಿರದ ವಿಮಾನ ನಿಲ್ದಾಣಕ್ಕೆ ಹೀಗೆ ಸುಮಾರು ಇನ್ನೂರು ಕಿಲೋಮೀಟರ್ ಸಾಗಬೇಕು. ನಿಲುಗಡೆಗಳ ಲೆಕ್ಕ ವಿಮಾನ ಹತ್ತುವ ಮುಂಚೆಯೇ ಶುರುವಾಗಿರುತ್ತದೆ.

ಈ ನೆಲೆಯೇ ಒಂದು ದೀರ್ಘ ಪ್ರಯಾಣದ ಕೊನೆಯ ನಿಲುಗಡೆ ಎಂಬುದನ್ನು ಇಲ್ಲಿ ನೆನೆಯಬೇಕು. 1959ರ ಮಾರ್ಚ್‌ನಲ್ಲಿ ಲಾಸಾದಲ್ಲಿ ದಂಗೆ ಎದ್ದು, ದಲೈ ಲಾಮಾ ಅವರು ಗಡಿ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಜನ ಹಿಮದ ಕಣಿವೆಗಳನ್ನು ನಡೆದು ದಾಟಿ ಬಂದರು. ಅಸ್ಸಾಮಿನ ಮಿಸ್ಸಾಮಾರಿ, ಬಂಗಾಳದ ಬಕ್ಸಾ ಮುಂತಾದ ಕಡೆ ಅವರನ್ನು ಶಿಬಿರಗಳಲ್ಲಿ ಇರಿಸಲಾಯಿತು. ಅಲ್ಲಿಂದ ಎಷ್ಟೋ ಮಂದಿ ಹಿಮಾಲಯದ ತಪ್ಪಲಿನ ರಸ್ತೆ ಕೆಲಸಕ್ಕೆ ಹೋದರು. ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಜಮೀನು ಕೊಡಲು ಮುಂದೆ ಬಂದ ಮೇಲೆ ದಕ್ಷಿಣದ ದಾರಿ ತೆರೆಯಿತು. ಬೈಲಕುಪ್ಪೆಯ ಎರಡು ನೆಲೆಗಳು, ಮುಂಡಗೋಡು, ಹುಣಸೂರು ಆದ ಮೇಲೆ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಕಾಲದ ಆಸುಪಾಸಿನಲ್ಲೇ, 1974ರ ಹೊತ್ತಿಗೆ, ಕೊಳ್ಳೇಗಾಲದ ಈ ಐದನೆಯ ನೆಲೆ ಕಣ್ಣು ಬಿಟ್ಟಿತು. ಕೊಳ್ಳೇಗಾಲ ಸೀಮೆಯ ಹಿರಿಯರಿಗೆ ಗಡಿಯ ಮಾತು ಹೊಸದೇನಲ್ಲ. ಈ ತಾಲ್ಲೂಕು 1956ರ ನವೆಂಬರ್ 1ರ ತನಕ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ದಿನ ಇಲ್ಲಿಯ ಜನ ಕುಳಿತಲ್ಲೇ ಕುಳಿತು ಮೈಸೂರು ರಾಜ್ಯದವರಾದರು, ಯಾರೂ ಯಾರಿಗೂ ಕಾಗದ ತೋರಿಸಬೇಕಾಗಲಿಲ್ಲ. ಒಡೆಯರಪಾಳ್ಯಕ್ಕೆ ಬಂದು ನೆಲೆಸಿದವರ ಪಾಲಿಗೆ ಗಡಿ ಅಷ್ಟು ಹಗುರವಾಗಿ ಸರಿಯಲಿಲ್ಲ.

ಹೊರದೇಶಗಳ ದಾರಿಯೂ ಬೇಗನೆ ತೆರೆಯಿತು. ಸ್ವಿಟ್ಜರ್ಲೆಂಡ್ 1960ರ ದಶಕದಲ್ಲಿ ಸಾವಿರ ಮಂದಿ ಟಿಬೆಟನ್ನರಿಗೆ ಆಶ್ರಯ ಕೊಡಲು ಒಪ್ಪಿತು. ಕೆನಡಾ 1971ರಲ್ಲಿ ಇನ್ನೂರಕ್ಕೂ ಹೆಚ್ಚು ಜನರನ್ನು ಕರೆಸಿಕೊಂಡಿತು. ಅಮೆರಿಕವು 1990ರ ವಲಸೆ ಕಾಯ್ದೆಯಲ್ಲಿ ಭಾರತ ಮತ್ತು ನೇಪಾಳದಲ್ಲಿದ್ದ ಟಿಬೆಟನ್ನರಿಗಾಗಿ ಸಾವಿರ ವೀಸಾ ಮೀಸಲಿಟ್ಟಿತು. ಹೀಗೆ ಹೋದವರ ಹಿಂದೆ ಹೆಂಡತಿ ಮಕ್ಕಳು ಹೋದರು, ಅವರ ಹಿಂದೆ ನೆಂಟರು. ಮುಸುಕಿನ ಜೋಳ ಮಳೆಯನ್ನು ನಂಬಿದ ಬೆಳೆ, ಚಳಿಗಾಲದಲ್ಲಿ ಊರೂರು ಸುತ್ತಿ ಸ್ವೆಟರ್ ಮಾರುವುದು ವರ್ಷಕ್ಕೆ ನಾಲ್ಕು ತಿಂಗಳ ದುಡಿಮೆ. ಓದಿದ ಮಕ್ಕಳಿಗೆ ಇವೆರಡೂ ಸಾಲದಾದವು.

ಈಗ ಕಾಗದಗಳ ಮಾತಿಗೆ ಬರಬೇಕು. ಒಡೆಯರಪಾಳ್ಯದ ಟಿಬೆಟನ್ನರ ಬಳಿ ಸಾಮಾನ್ಯವಾಗಿ ಮೂರು ಪುಸ್ತಕಗಳಿರುತ್ತವೆ. ಮೊದಲನೆಯದು ನೋಂದಣಿ ಪ್ರಮಾಣಪತ್ರ. ಎಲ್ಲರೂ ಅದನ್ನು ಆರ್‌ಸಿ ಎನ್ನುತ್ತಾರೆ. ಅದು ವಿದೇಶೀಯರು ಭಾರತದಲ್ಲಿ ವಾಸವಾಗಿರಲು ಪೊಲೀಸ್ ಇಲಾಖೆಯ ವಿದೇಶೀಯರ ನೋಂದಣಿ ಕಚೇರಿ ಕೊಡುವ ಪತ್ರ, ಕಾಲಕಾಲಕ್ಕೆ ನವೀಕರಣವಾಗಬೇಕು. ಎರಡನೆಯದು ಹಸಿರು ಪುಸ್ತಕ: ಧರ್ಮಶಾಲಾದಲ್ಲಿರುವ ಕೇಂದ್ರ ಟಿಬೆಟನ್ ಆಡಳಿತಕ್ಕೆ ಸಲ್ಲಿಸುವ ಸ್ವಯಂ ಕಾಣಿಕೆಯ ದಾಖಲೆ; 1972ರಿಂದ ನಡೆದು ಬಂದಿರುವ ಈ ಕಾಣಿಕೆಗೆ ಟಿಬೆಟನ್ ಭಾಷೆಯಲ್ಲಿ ಛತ್ರೆಲ್ ಎಂದು ಹೆಸರು. ಮೂರನೆಯದು ಗುರುತಿನ ಪ್ರಮಾಣಪತ್ರ, ಐಸಿ. ಅದರ ರಟ್ಟಿನ ಬಣ್ಣದಿಂದಾಗಿ ಅದು ಹಳದಿ ಪುಸ್ತಕವೆಂದೇ ಹೆಸರಾಗಿದೆ. ಭಾರತ ಸರ್ಕಾರ ಪಾಸ್‌ಪೋರ್ಟಿನ ಬದಲಿಗೆ ಕೊಡುವ ಈ ಪುಸ್ತಕಕ್ಕೆ ನೆಲೆಯ ಕಚೇರಿಯಿಂದ ಹೊರಟ ಅರ್ಜಿ ದೆಹಲಿಯಲ್ಲಿರುವ ದಲೈ ಲಾಮಾ ಅವರ ಪ್ರತಿನಿಧಿ ಕಚೇರಿಯ ಮೂಲಕ ಅಲ್ಲಿಯ ಪಾಸ್‌ಪೋರ್ಟ್ ಕಚೇರಿಗೆ ತಲುಪಬೇಕು, ನಡುವೆ ಪೊಲೀಸ್ ತಪಾಸಣೆ ನಡೆಯಬೇಕು. ಒಂದು ಕಾಗದ ಇನ್ನೊಂದನ್ನು ಕೇಳುತ್ತದೆ. ಆರ್‌ಸಿಯ ಅವಧಿ ಮುಗಿದಿದ್ದರೆ ಐಸಿಯ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಐಸಿ ಕೈಸೇರಿದ ಮೇಲೂ ಅದರಲ್ಲಿ ಒಂದು ಮುದ್ರೆ ಇರಬೇಕು. ಈ ಪತ್ರ ಹಿಡಿದವರು ಭಾರತಕ್ಕೆ ಮರಳಲು ಆಕ್ಷೇಪಣೆಯಿಲ್ಲ ಎಂಬ ಅರ್ಥದ ಆ ಮುದ್ರೆಯನ್ನು ಅದರ ಇಂಗ್ಲಿಷ್ ಮಾತುಗಳ ಮೊದಲಕ್ಷರ ಕೂಡಿಸಿ ‘ನೋರಿ’ ಎಂದು ಕರೆಯುತ್ತಾರೆ. ಪಾಸ್‌ಪೋರ್ಟಿಗೂ ಹಳದಿ ಪುಸ್ತಕಕ್ಕೂ ಇರುವ ಮೂಲ ವ್ಯತ್ಯಾಸ ಈ ಒಂದು ಮುದ್ರೆಯಲ್ಲಿ ಕಾಣುತ್ತದೆ. ಪಾಸ್‌ಪೋರ್ಟ್ ಎಂಬುದು ಮುಖ್ಯವಾಗಿ ಒಂದು ದೇಶ ಇನ್ನೊಂದು ದೇಶಕ್ಕೆ ಕೊಡುವ ಮಾತು: ಇವರು ನಮ್ಮವರು, ನೀವು ಹಿಂದಕ್ಕೆ ಕಳಿಸಿದರೆ ನಾವು ಸೇರಿಸಿಕೊಳ್ಳುತ್ತೇವೆ. ಪ್ರಜೆಗೆ ತನ್ನ ದೇಶಕ್ಕೆ ಮರಳುವುದು ಹಕ್ಕು, ಅದನ್ನು ಬೇರೆಯಾಗಿ ಬರೆದುಕೊಡಬೇಕಾಗಿಲ್ಲ. ನಿರಾಶ್ರಿತರಿಗೆ ಅದನ್ನು ಬರೆದೇ ಕೊಡಬೇಕು, ಬರೆಯದಿದ್ದರೆ ಹೊರದೇಶದ ರಾಯಭಾರ ಕಚೇರಿ ವೀಸಾ ಕೊಡಲು ಹಿಂಜರಿಯುತ್ತದೆ.

ದೇಶವಿಲ್ಲದವರಿಗೆ ಪ್ರಯಾಣದ ಕಾಗದ ಕೊಡುವ ಪದ್ಧತಿ ನೂರು ವರ್ಷ ಹಳೆಯದು. ಮೊದಲ ಮಹಾಯುದ್ಧದ ಬಳಿಕ ಯೂರೋಪಿನ ದೇಶಗಳು ಪಾಸ್‌ಪೋರ್ಟನ್ನು ಕಡ್ಡಾಯ ಮಾಡಿದಾಗ, ರಷ್ಯಾದ ಕ್ರಾಂತಿಯಿಂದ ನೆಲೆ ಕಳೆದುಕೊಂಡಿದ್ದ ಲಕ್ಷಾಂತರ ಜನ ಇದ್ದಲ್ಲೇ ಸಿಕ್ಕಿಬಿದ್ದರು. ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ಅವರು ರಾಷ್ಟ್ರ ಸಂಘದ ಪರವಾಗಿ 1922ರಲ್ಲಿ ರೂಪಿಸಿದ ಪತ್ರ ನಾನ್ಸೆನ್ ಪಾಸ್‌ಪೋರ್ಟ್ ಎಂದು ಹೆಸರಾಯಿತು. ಎರಡನೆಯ ಮಹಾಯುದ್ಧದ ನಂತರ 1951ರ ನಿರಾಶ್ರಿತರ ಒಡಂಬಡಿಕೆ ಬಂದು, ಅದಕ್ಕೆ ಸಹಿ ಹಾಕಿದ ದೇಶಗಳು ಒಂದೇ ಮಾದರಿಯ ಪ್ರಯಾಣಪತ್ರ ಕೊಡತೊಡಗಿದವು. ಭಾರತ ಆ ಒಡಂಬಡಿಕೆಗೆ ಸೇರಿಲ್ಲ. ಟಿಬೆಟನ್ನರಿಗೆ ಅದು ನೆಲ ಕೊಟ್ಟಿತು, ಶಾಲೆ ಕೊಟ್ಟಿತು, ಅರವತ್ತು ವರ್ಷಕ್ಕೂ ಮಿಕ್ಕಿ ನೆಮ್ಮದಿಯಾಗಿ ಬದುಕಲು ಬಿಟ್ಟಿತು. ಸಹಿ ಹಾಕಿದ ಎಷ್ಟೋ ದೇಶಗಳು ಮಾಡದ ಕೆಲಸ ಅದು, ಅದನ್ನು ಮನಸಾರೆ ಒಪ್ಪಬೇಕು. ಆದರೆ ಸಹಿಯಿಲ್ಲದ ಕಾರಣ ಭಾರತ ಕೊಡುವ ಹಳದಿ ಪುಸ್ತಕ ಆ ಒಡಂಬಡಿಕೆಯ ಪ್ರಯಾಣಪತ್ರವಾಗುವುದಿಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಸಂಕೇತಗಳಲ್ಲಿ ದೇಶವಿಲ್ಲದವರಿಗೆ ಎಕ್ಸ್‌ಎಕ್ಸ್‌ಎ, ಒಡಂಬಡಿಕೆಯ ನಿರಾಶ್ರಿತರಿಗೆ ಎಕ್ಸ್‌ಎಕ್ಸ್‌ಬಿ, ಉಳಿದ ನಿರಾಶ್ರಿತರಿಗೆ ಎಕ್ಸ್‌ಎಕ್ಸ್‌ಸಿ ಎಂದು ಮೂರು ಬೇರೆ ಬೇರೆ ಗುರುತುಗಳಿರುವುದನ್ನು ನೋಡಿದರೆ, ಈ ಭೇದ ಎಷ್ಟು ಆಳಕ್ಕೆ ಇಳಿದಿದೆಯೆಂಬುದು ತಿಳಿಯುತ್ತದೆ.

ಇಂಥ ಕಾಗದ ಹಿಡಿದವರಿಗೆ ನೇರ ವಿಮಾನಕ್ಕಿಂತ ನಿಲುಗಡೆಗಳ ಪ್ರಯಾಣ ಏಕೆ ಕಠಿಣವೆಂಬುದನ್ನು ವಿವರವಾಗಿ ಹೇಳಬೇಕಾಗಿದೆ. ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ಒಂದು ದೊಡ್ಡ ನಿಲ್ದಾಣವನ್ನು ನಡುಗುಂಬವಾಗಿ ಇಟ್ಟುಕೊಂಡು, ಗಾಲಿಯ ಅರಗಳ ಹಾಗೆ ನಾಲ್ದೆಸೆಯ ಊರುಗಳನ್ನು ಅದಕ್ಕೆ ಜೋಡಿಸುತ್ತವೆ. ದುಬೈ, ದೋಹಾ, ಅಬುಧಾಬಿ, ಫ್ರಾಂಕ್‌ಫರ್ಟ್ ಇಂಥ ನಡುಗುಂಬಗಳು. ಬೆಂಗಳೂರಿನಿಂದ ಹೋಗುವ ಮುನ್ನೂರು ಜನರಲ್ಲಿ ಟೊರಾಂಟೊಗೆ ಹೋಗುವವರು ಹತ್ತೇ ಜನ ಇದ್ದರೂ, ಚೆನ್ನೈ, ಕೊಚ್ಚಿ, ಕೊಲಂಬೊ ಮುಂತಾದ ಹತ್ತಾರು ಊರುಗಳಿಂದ ಬಂದ ಹತ್ತು ಹತ್ತು ಜನರನ್ನು ದೋಹಾದಲ್ಲಿ ಕೂಡಿಸಿದರೆ ಒಂದು ವಿಮಾನ ತುಂಬುತ್ತದೆ ಎಂಬುದು ಅದರ ಲೆಕ್ಕ. ಟಿಕೆಟ್ ಅಗ್ಗವಾಗುವುದು ಇದರಿಂದಲೇ. ಆದ್ದರಿಂದ ಉಳಿತಾಯದ ಹಣದಲ್ಲಿ ಹೊರಡುವವರು ನಿಲುಗಡೆ ಹೆಚ್ಚಿರುವ ದಾರಿಯನ್ನೇ ಹಿಡಿಯುತ್ತಾರೆ.

ನಿಲುಗಡೆಗಳೆಲ್ಲ ಒಂದೇ ಬಗೆಯವಲ್ಲ. ಕೊಲ್ಲಿ ದೇಶಗಳ ನಿಲ್ದಾಣಗಳಲ್ಲಿ ಒಂದು ವಿಮಾನದಿಂದ ಇಳಿದವರು ಮೈ ಮತ್ತು ಕೈಚೀಲದ ತಪಾಸಣೆ ಮುಗಿಸಿ, ದೇಶದೊಳಗೆ ಕಾಲಿಡದೆಯೇ, ಇನ್ನೊಂದು ವಿಮಾನ ಹತ್ತಬಹುದು. ಷೆಂಗೆನ್ ಒಪ್ಪಂದದ 29 ದೇಶಗಳ ವಿಚಾರ ಬೇರೆ: ಆ ದೇಶಗಳ ನಡುವೆ ಗಡಿ ತಪಾಸಣೆ ಇಲ್ಲದಿರುವುದರಿಂದ, ಅವುಗಳ ಪೈಕಿ ಮೊದಲು ಇಳಿಯುವ ನಿಲ್ದಾಣದಲ್ಲೇ ವಲಸೆ ತಪಾಸಣೆ ನಡೆದುಹೋಗುತ್ತದೆ, ಹೋಗಬೇಕಾದ ಊರು ಜೂರಿಕ್ ಆಗಿದ್ದರೂ ಆಮ್‌ಸ್ಟರ್‌ಡ್ಯಾಮಿನಲ್ಲಿ ವಿಮಾನ ಬದಲಿಸಿದರೆ ಗಡಿ ದಾಟುವುದು ಆಮ್‌ಸ್ಟರ್‌ಡ್ಯಾಮಿನಲ್ಲೇ. ಅಮೆರಿಕದಲ್ಲಿ ದೇಶದೊಳಗೆ ಕಾಲಿಡದೆ ಹಾದುಹೋಗುವ ಏರ್ಪಾಟೇ ಇಲ್ಲ; ಬೇರೆ ದೇಶಕ್ಕೆ ಹೋಗುವವರೂ ವೀಸಾ ಹಿಡಿದು ವಲಸೆ ಅಧಿಕಾರಿಯ ಮುಂದೆ ನಿಲ್ಲಬೇಕು, ಪೆಟ್ಟಿಗೆಗಳನ್ನು ಎತ್ತಿಕೊಂಡು ಮತ್ತೆ ಒಪ್ಪಿಸಬೇಕು. ಬ್ರಿಟನ್ನಿನಲ್ಲಿ ಕೆಲವು ದೇಶದವರಿಗೆ ವಿಮಾನ ಬದಲಿಸಲಿಕ್ಕೂ ಪ್ರತ್ಯೇಕ ವೀಸಾ ಬೇಕಾಗುತ್ತದೆ. ಟಿಕೆಟ್ ಮಾರುವ ಪರದೆಯ ಮೇಲೆ ಇವೆಲ್ಲ ‘ಒಂದು ನಿಲುಗಡೆ’, ‘ಎರಡು ನಿಲುಗಡೆ’ ಎಂದಷ್ಟೇ ಕಾಣುತ್ತವೆ. ಹಳದಿ ಪುಸ್ತಕದವರಿಗೆ ಟಿಕೆಟ್ ಕೊಳ್ಳುವ ಮೊದಲೇ ಈ ವ್ಯತ್ಯಾಸ ಗೊತ್ತಿರಬೇಕು, ಗೊತ್ತಿಲ್ಲದಿದ್ದರೆ ಅಗ್ಗದ ಟಿಕೆಟ್ ಕೆಲಸಕ್ಕೆ ಬಾರದ ಕಾಗದವಾಗುತ್ತದೆ.

ಷೆಂಗೆನ್ ವೀಸಾದ ಒಂದು ಸಣ್ಣ ಗುರುತು ಇದಕ್ಕೆ ಒಳ್ಳೆಯ ನಿದರ್ಶನ. ಯಾವ ಯಾವ ಪ್ರಯಾಣಪತ್ರಗಳನ್ನು ಮಾನ್ಯ ಮಾಡಬೇಕೆಂಬುದನ್ನು ಆ ಒಪ್ಪಂದದ ಪ್ರತಿಯೊಂದು ದೇಶವೂ ತಾನೇ ನಿರ್ಧರಿಸುತ್ತದೆ. ಅರ್ಜಿದಾರರ ಪತ್ರವನ್ನು ಒಂದೆರಡು ದೇಶಗಳು ಒಪ್ಪದಿದ್ದರೆ, ಒಪ್ಪುವ ದೇಶಗಳಿಗೆ ಮಾತ್ರ ಸಲ್ಲುವ ವೀಸಾ ಕೊಡಬೇಕೆಂದು ಅವುಗಳ ವೀಸಾ ಸಂಹಿತೆ ಹೇಳುತ್ತದೆ. ಆಗ ಪುಸ್ತಕಕ್ಕೆ ಅಂಟಿಸುವ ವೀಸಾ ಚೀಟಿಯಲ್ಲಿ ಷೆಂಗೆನ್ ದೇಶಗಳು ಎಂಬ ಮಾತಿನ ಮುಂದೆ ಒಂದು ಕಳೆಯುವ ಚಿಹ್ನೆ ಇಟ್ಟು, ಒಪ್ಪದ ದೇಶದ ಸಂಕೇತಾಕ್ಷರ ಬರೆದಿರುತ್ತಾರೆ. ಕಡ್ಡಿ ಗಾತ್ರದ ಆ ಗೆರೆಯನ್ನು ಗಮನಿಸದೆ, ಅದೇ ದೇಶದ ನಿಲ್ದಾಣದ ಮೇಲೆ ಹಾದುಹೋಗುವ ಟಿಕೆಟ್ ಕೊಂಡರೆ, ವೀಸಾ ಇದ್ದೂ ಮೊದಲ ನಿಲುಗಡೆಯಲ್ಲೇ ಪ್ರಯಾಣ ಮುಗಿಯುತ್ತದೆ.

ವಾಸ್ತವವಾಗಿ ಅಷ್ಟು ದೂರವೂ ಹೋಗಬೇಕಾಗಿಲ್ಲ. ಇಂದಿನ ವಿಮಾನಯಾನದಲ್ಲಿ ಗಡಿಯ ಮೊದಲ ಕಾವಲು ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಕುಳಿತಿದೆ. ಸರಿಯಾದ ಕಾಗದವಿಲ್ಲದವರನ್ನು ಕರೆತಂದ ವಿಮಾನ ಸಂಸ್ಥೆಗೆ ದಂಡ ವಿಧಿಸುವ ಕಾನೂನು ಬಹುತೇಕ ದೇಶಗಳಲ್ಲಿದೆ. ಭಾರತದಲ್ಲೇ 2000ದ ಕಾಯ್ದೆಯೊಂದು ಅಂಥ ಪ್ರತಿ ಪ್ರಯಾಣಿಕರ ಲೆಕ್ಕದಲ್ಲಿ ಒಂದು ಲಕ್ಷ ರೂಪಾಯಿ ದಂಡ ಗೊತ್ತುಮಾಡಿತ್ತು, ಈಗ ಅದರ ಜಾಗದಲ್ಲಿ 2025ರ ವಲಸೆ ಮತ್ತು ವಿದೇಶೀಯರ ಕಾಯ್ದೆ ಬಂದಿದೆ. ದಂಡದ ಜೊತೆಗೆ ಪ್ರಯಾಣಿಕರನ್ನು ಮರಳಿ ಕರೆದೊಯ್ಯುವ ಹೊಣೆಯೂ ಸಂಸ್ಥೆಯದೇ. ಆದ್ದರಿಂದ ಕೌಂಟರಿನ ನೌಕರರು ಪ್ರತಿಯೊಂದು ನಿಲುಗಡೆಯ ನಿಯಮವನ್ನೂ ಟಿಮ್ಯಾಟಿಕ್ ಎಂಬ ಮಾಹಿತಿ ಭಂಡಾರದಲ್ಲಿ ಹುಡುಕಿ ನೋಡುತ್ತಾರೆ. ಪಾಸ್‌ಪೋರ್ಟಾದರೆ ಇದು ಅರೆ ನಿಮಿಷದ ಕೆಲಸ. ಹಳದಿ ಪುಸ್ತಕವಾದರೆ ನೌಕರರು ಮೊದಲು ರಟ್ಟನ್ನು ನೋಡುತ್ತಾರೆ, ಪುಟ ಮಗುಚುತ್ತಾರೆ, ಪರದೆಯಲ್ಲಿ ದೇಶದ ಹೆಸರಿನ ಜಾಗದಲ್ಲಿ ಏನು ತುಂಬಬೇಕೆಂದು ಪಕ್ಕದವರನ್ನು ಕೇಳುತ್ತಾರೆ, ಕೊನೆಗೆ ಮೇಲಿನವರಿಗೆ ಫೋನ್ ಹಚ್ಚುತ್ತಾರೆ. ಹಿಂದಿನ ಸಾಲಿನ ಜನ ಪಕ್ಕದ ಕೌಂಟರಿಗೆ ಸರಿಯುತ್ತಾರೆ. ಇದರಲ್ಲಿ ನೌಕರರ ತಪ್ಪನ್ನು ಹುಡುಕುವುದು ನ್ಯಾಯವಲ್ಲ. ತಿಂಗಳಿಗೊಮ್ಮೆ ಕಣ್ಣಿಗೆ ಬೀಳುವ ಕಾಗದವೊಂದರ ಹೊಣೆಯನ್ನು, ದಂಡದ ಭಯದ ಜೊತೆಗೆ, ಸರ್ಕಾರಗಳು ಅವರ ಹೆಗಲಿಗೆ ದಾಟಿಸಿವೆ. ಅನುಮಾನ ಬಂದಾಗ ತಡೆಯುವುದೇ ಅವರಿಗೆ ಕ್ಷೇಮ. ಒಬ್ಬ ತಾಯಿ ಮಗಳ ಬಾಣಂತನಕ್ಕೆಂದು ಹೊರಟಿರಬಹುದು, ವೀಸಾ, ಮುದ್ರೆ, ಅನುಮತಿ ಎಲ್ಲವೂ ಕ್ರಮವಾಗಿರಬಹುದು. ವಿಮಾನದ ಬಾಗಿಲು ಮುಚ್ಚುವುದರೊಳಗೆ ಅದು ಕ್ರಮವಾಗಿದೆಯೆಂದು ಒಬ್ಬರಿಗೆ ಖಾತ್ರಿಯಾಗದಿದ್ದರೆ ಆಕೆ ಇಲ್ಲೇ ಉಳಿಯಬೇಕು.

ನಡುದಾರಿಯಲ್ಲಿ ವಿಮಾನ ತಪ್ಪಿದಾಗಲೂ ಕಾಗದಗಳ ತಾರತಮ್ಯ ಎದ್ದು ಕಾಣುತ್ತದೆ. ಒಂದು ವಿಮಾನದಿಂದ ಇಳಿದು ಇನ್ನೊಂದನ್ನು ಹತ್ತಲು ಪ್ರತಿ ನಿಲ್ದಾಣವೂ ಕನಿಷ್ಠ ಜೋಡಣೆಯ ಅವಧಿಯನ್ನು ಗೊತ್ತುಮಾಡಿರುತ್ತದೆ. ಇಡೀ ದಾರಿ ಒಂದೇ ಟಿಕೆಟಿನಲ್ಲಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವಿಮಾನದಲ್ಲಿ ಕೂರಿಸುವ ಹೊಣೆ ಸಂಸ್ಥೆಯದು. ಹಣ ಉಳಿಸಲೆಂದು ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಆ ಹೊಣೆ ಯಾರದೂ ಅಲ್ಲ. ರಾತ್ರಿ ಕಳೆಯಬೇಕಾಗಿ ಬಂದಾಗ ಸಂಸ್ಥೆ ಕೊಡುವ ಹೋಟೆಲು ನಿಲ್ದಾಣದ ಹೊರಗಿರುವುದೇ ಹೆಚ್ಚು. ಅಮೆರಿಕದ ವೀಸಾ ಇರುವ ಭಾರತೀಯ ಪಾಸ್‌ಪೋರ್ಟಿನವರಿಗೆ ದುಬೈ ನಿಲ್ದಾಣದಲ್ಲೇ ವೀಸಾ ಸಿಗುವ ಅನುಕೂಲವಿದೆ. ಅದು ಭಾರತದ ಪ್ರಜೆಗಳಿಗೆ ಕೊಟ್ಟ ಅನುಕೂಲವಾದ್ದರಿಂದ, ಭಾರತದಲ್ಲೇ ಹುಟ್ಟಿ ಭಾರತ ಸರ್ಕಾರದ ಮುದ್ರೆಯ ಪುಸ್ತಕ ಹಿಡಿದು ಹೊರಟ ಟಿಬೆಟನ್ನರಿಗೆ ಅನ್ವಯಿಸುವುದಿಲ್ಲ. ಅವರು ಕುರ್ಚಿಗಳ ಸಾಲಿನಲ್ಲಿ, ಚೀಲವನ್ನು ತಲೆದಿಂಬು ಮಾಡಿಕೊಂಡು ಬೆಳಗು ಮಾಡುತ್ತಾರೆ.

ಹೆಸರಿನ ತೊಡಕು ಮಾತ್ರ ಟಿಬೆಟನ್ನರಿಗೂ ಸುತ್ತಲ ಕನ್ನಡಿಗರಿಗೂ ಸಮಾನ. ಟಿಬೆಟನ್ನರಲ್ಲಿ ಬಹುಪಾಲು ಜನರಿಗೆ ಮನೆತನದ ಹೆಸರೆಂಬುದಿಲ್ಲ. ದಲೈ ಲಾಮಾ ಅವರ ಹೆಸರಿನ ಭಾಗವಾದ ‘ತೆನ್ಜಿನ್’ ಎಂಬುದು ಸಾವಿರಾರು ಗಂಡಸರಿಗೂ ಹೆಂಗಸರಿಗೂ ಇರುತ್ತದೆ. ಇತ್ತ ಮಲೆ ಮಹದೇಶ್ವರನ ಒಕ್ಕಲಾದ ಈ ಸೀಮೆಯಲ್ಲಿ ಮಾದೇಶ, ಮಾದಪ್ಪ, ಮಹದೇವ ಎಂಬ ಹೆಸರುಗಳು ಮನೆಮನೆಗೂ ಉಂಟು, ಅವುಗಳ ಹಿಂದೆ ಮುಂದೆ ಒಂದು ಇನಿಷಿಯಲ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ವಿಮಾನಯಾನದ ನಮೂನೆಗಳು ಮಾತ್ರ ಎಲ್ಲ ಮನುಷ್ಯರಿಗೂ ಸ್ವಂತ ಹೆಸರೊಂದು, ಮನೆತನದ ಹೆಸರೊಂದು ಇದ್ದೇ ಇರುತ್ತದೆಂದು ನಂಬಿವೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಅಮೆರಿಕದ ವೀಸಾದಲ್ಲಿ ‘ಮೊದಲ ಹೆಸರು ತಿಳಿಯದು’ ಎಂಬರ್ಥದ ಮೂರಕ್ಷರ ಸೇರಿಕೊಳ್ಳುತ್ತವೆ. 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಒಂದೇ ಹೆಸರಿನ ಪಾಸ್‌ಪೋರ್ಟಿನಲ್ಲಿ ಪ್ರವಾಸಿ ವೀಸಾ ಮೇಲೆ ಬರುವವರನ್ನು ಒಳಬಿಡುವುದಿಲ್ಲವೆಂದು ಸಾರಿತು; ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಆದೀತೆಂದು ಆಮೇಲೆ ಸಡಿಲಿಸಿತು. ಒಂದು ಕಾಗದದಲ್ಲಿ ಒಂದೇ ಹೆಸರು, ಇನ್ನೊಂದರಲ್ಲಿ ಎರಡು, ಟಿಕೆಟಿನಲ್ಲಿ ಅದೇ ಹೆಸರು ಎರಡು ಸಲ ಹೀಗಾದಾಗ, ಪ್ರತಿಯೊಂದು ನಿಲುಗಡೆಯಲ್ಲೂ ಮೂರೂ ಒಬ್ಬರದೇ ಎಂದು ಒಪ್ಪಿಸಬೇಕು.

ಪೆಟ್ಟಿಗೆಗಳ ವಿಷಯ ಚಿಕ್ಕದಾಗಿ ಹೇಳಿದರೆ ಸಾಕು. ವಿಮಾನ ಬದಲಾದಷ್ಟೂ ಪೆಟ್ಟಿಗೆ ಹಿಂದುಳಿಯುವ ಸಂಭವ ಹೆಚ್ಚು. ಬಾರದ ಪೆಟ್ಟಿಗೆಯ ಬಗ್ಗೆ ನಿಲ್ದಾಣ ಬಿಡುವ ಮೊದಲೇ ಕೌಂಟರಿನಲ್ಲಿ ವರದಿ ಬರೆಸಬೇಕು; ಭಾರತ 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ 21 ದಿನಗಳಲ್ಲಿ ಬಾರದ ಪೆಟ್ಟಿಗೆಯನ್ನು ಕಳೆದುಹೋದದ್ದೆಂದು ಎಣಿಸಬಹುದು, ಹಾನಿಯಾಗಿದ್ದರೆ 7 ದಿನಗಳಲ್ಲಿ ದೂರು ಕೊಡಬೇಕು. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಎಸ್‌ಡಿಆರ್ ಎಂಬ ಲೆಕ್ಕದ ನಾಣ್ಯದಲ್ಲಿ ಪರಿಹಾರದ ಮಿತಿ 2024ರ ಡಿಸೆಂಬರ್ ಕೊನೆಯಿಂದ ತಲಾ 1,519. ಬಾರ್ಲಿ ಹುರಿದು ಬೀಸಿದ ತ್ಸಂಪಾ ಹಿಟ್ಟಿಗೋ ಒಣಗಿಸಿದ ಗಿಣ್ಣಿನ ಸರಕ್ಕೋ ಬೆಲೆ ಕಟ್ಟುವ ಕೋಷ್ಟಕ ಆ ಒಪ್ಪಂದದಲ್ಲಿಲ್ಲ. ಹಾಲಿನ ಪದಾರ್ಥಗಳನ್ನು ಎಷ್ಟೋ ದೇಶಗಳ ಸುಂಕದವರು ತೆಗೆದಿಡುತ್ತಾರೆ. ತವರಿನ ರುಚಿ ಕಾಯುತ್ತಿದ್ದವರಿಗೆ ಖಾಲಿ ಜಾಗವಿರುವ ಪೆಟ್ಟಿಗೆ ಸಿಗುತ್ತದೆ.

ಇಷ್ಟೆಲ್ಲ ಬವಣೆಗೆ ಭಾರತದ ಪಾಸ್‌ಪೋರ್ಟ್ ಪಡೆಯುವುದೇ ಪರಿಹಾರವಲ್ಲವೇ ಎಂದು ಕೇಳುವುದು ಸಹಜ. 1955ರ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದ ನೆಲದಲ್ಲಿ ಹುಟ್ಟಿದವರು, ತಂದೆ ತಾಯಿ ಯಾವ ದೇಶದವರೇ ಆಗಿರಲಿ, ಹುಟ್ಟಿನಿಂದ ಭಾರತೀಯರು. ಟಿಬೆಟನ್ನರಿಗೂ ಇದು ಸಲ್ಲುತ್ತದೆಂದು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್, 2016ರ ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟವು. 2017ರ ಮಾರ್ಚ್‌ನಲ್ಲಿ ವಿದೇಶಾಂಗ ಸಚಿವಾಲಯ ಅಂಥವರಿಗೆ ಪಾಸ್‌ಪೋರ್ಟ್ ಕೊಡಲು ಸೂಚಿಸಿತು. ಆದರೆ ಕೆಲವೇ ತಿಂಗಳಲ್ಲಿ ಷರತ್ತುಗಳು ಬಂದವು: ಆರ್‌ಸಿ ಮತ್ತು ಐಸಿಗಳನ್ನು ಹಿಂದಿರುಗಿಸಬೇಕು, ಟಿಬೆಟನ್ ಆಡಳಿತದ ಸವಲತ್ತುಗಳನ್ನು ಬಿಡಬೇಕು, ನಿಗದಿಯಾದ ನೆಲೆಯಲ್ಲಿ ವಾಸವಾಗಿರಬಾರದು. ಉಳುವ ಹೊಲ ಮತ್ತು ಇರುವ ಮನೆ ಎರಡೂ ನೆಲೆಯ ಹೆಸರಿನಲ್ಲಿರುವ ಒಡೆಯರಪಾಳ್ಯದ ಕುಟುಂಬಕ್ಕೆ ಇದರ ಅರ್ಥವೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ತೊಡಕು ದಿನಾಂಕದ್ದು. ಟಿಬೆಟಿನಲ್ಲಿ ಹುಟ್ಟಿ ಬಂದ ತಂದೆ ತಾಯಿಗೆ ಇದೇ ನೆಲೆಯಲ್ಲಿ 1985ರಲ್ಲಿ ಹುಟ್ಟಿದ ಅಕ್ಕ ಕಾನೂನಿನ ಕಣ್ಣಿಗೆ ಭಾರತೀಯಳು, 1988ರಲ್ಲಿ ಹುಟ್ಟಿದ ತಮ್ಮ ವಿದೇಶೀಯ. ಒಂದೇ ಶಾಲೆಯಲ್ಲಿ ಒಂದೇ ಕನ್ನಡ ಕಲಿತವರು ವಿಮಾನ ನಿಲ್ದಾಣದಲ್ಲಿ ಬೇರೆ ಬೇರೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಪೌರತ್ವವನ್ನು ಬೇಡುವುದೆಂದರೆ ಟಿಬೆಟಿಗೆ ಮರಳುವ ಆಸೆಯನ್ನು ಕೈಬಿಟ್ಟಂತೆ ಎಂದು ಭಾವಿಸುವ ಹಿರಿಯರೂ ಇದ್ದಾರೆ. ಹಳದಿ ಪುಸ್ತಕದ ಎಲ್ಲ ಕಷ್ಟಗಳನ್ನು ಬಲ್ಲವರೂ ಅದನ್ನು ಜೋಪಾನವಾಗಿ ಇಟ್ಟುಕೊಂಡಿರುವುದಕ್ಕೆ ಇದೂ ಒಂದು ಕಾರಣ, ಗೌರವಕ್ಕೆ ಅರ್ಹವಾದ ಕಾರಣ.

ಹೋದವರು ಮರಳಿ ಬರುವ ದಾರಿಯ ಮಾತು ಇನ್ನೂ ಉಳಿದಿದೆ. ಹತ್ತು ಹನ್ನೆರಡು ವರ್ಷ ಕೆನಡಾದಲ್ಲಿ ದುಡಿದು ಅಲ್ಲಿಯ ಪೌರತ್ವ ಪಡೆದವರ ಕೈಗೆ ಜೀವನದಲ್ಲಿ ಮೊದಲ ಸಲ ಒಂದು ಪಾಸ್‌ಪೋರ್ಟ್ ಬಂದಿರುತ್ತದೆ. ಆ ಪುಸ್ತಕಕ್ಕೆ ಫ್ರಾಂಕ್‌ಫರ್ಟಿನಲ್ಲಿ ತಡೆಯಿಲ್ಲ, ದುಬೈಯಲ್ಲಿ ಪ್ರಶ್ನೆಯಿಲ್ಲ, ಕೌಂಟರಿನಲ್ಲಿ ಅದು ಅರೆ ನಿಮಿಷದ ಕೆಲಸ. ಭಾರತದ ವೀಸಾ ಪಡೆದು ಬೆಂಗಳೂರಿನಲ್ಲಿ ಇಳಿಯುತ್ತಾರೆ. ಆದರೆ ಕರ್ನಾಟಕದ ಟಿಬೆಟನ್ ನೆಲೆಗಳಲ್ಲಿ ವಿದೇಶೀಯರು ತಂಗಬೇಕಾದರೆ ಸಂರಕ್ಷಿತ ಪ್ರದೇಶದ ಅನುಮತಿ ಬೇಕು. ಪಿಎಪಿ ಎಂದು ಹೆಸರಾದ ಈ ಅನುಮತಿ ಕೇಂದ್ರ ಗೃಹ ಸಚಿವಾಲಯದಿಂದ ಬರಬೇಕು, ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಿರಬೇಕು. ಒಡೆಯರಪಾಳ್ಯದಲ್ಲಿ ಹುಟ್ಟಿ, ಲೊಕ್ಕನಹಳ್ಳಿಯ ಅಂಗಡಿಗಳಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡಿ ಬೆಳೆದವರಿಗೂ ಇದರಿಂದ ವಿನಾಯಿತಿಯಿಲ್ಲ. ಸಾವಿರಾರು ಮೈಲಿಯನ್ನು ಸರಾಗವಾಗಿ ದಾಟಿ ಬಂದವರ ಪ್ರಯಾಣ ಕೊನೆಯ ಕೆಲವು ಮೈಲಿಗಳಲ್ಲಿ ನಿಲ್ಲುತ್ತದೆ. ರಜೆ ಮೂರೇ ವಾರದ್ದಾಗಿದ್ದು ಅನುಮತಿ ಬರುವುದು ತಡವಾದರೆ, ವಯಸ್ಸಾದ ತಂದೆ ತಾಯಿಯೇ ಬೆಳಗಿನ ಬಸ್ಸು ಹತ್ತಿ, ಲೊಕ್ಕನಹಳ್ಳಿಯ ಮೇಲೆ ಹಾದು ಕೊಳ್ಳೇಗಾಲಕ್ಕೆ ಇಳಿದು, ಅಲ್ಲಿಂದ ಮೈಸೂರಿನ ಬಸ್ಸು ಹಿಡಿದು, ಮಕ್ಕಳು ಇಳಿದುಕೊಂಡಿರುವ ಹೋಟೆಲಿನ ಕೋಣೆಯಲ್ಲಿ ಮೊಮ್ಮಕ್ಕಳನ್ನು ಮೊದಲ ಬಾರಿಗೆ ನೋಡುತ್ತಾರೆ.